ಬರ್ಮೀಸ್ ಹೆಬ್ಬಾವು ಸಾಕುವುದು: ಗೂಡು ಸುಲಭ, ಊಟವೇ ಕಷ್ಟ

ಇದು ಅಮೆರಿಕದಲ್ಲಿರುವ ಕನ್ನಡಿಗರಿಗೆ. ಊರಲ್ಲಿ ಹೆಬ್ಬಾವು ಹಿಡಿದು ಮನೆಯಲ್ಲಿಟ್ಟುಕೊಂಡರೆ 1972ರ ವನ್ಯಜೀವಿ ಕಾಯ್ದೆಯಡಿ ಕೇಸು ಬೀಳುತ್ತದೆ. ಅಮೆರಿಕದಲ್ಲೂ ಕಾನೂನು ರಾಜ್ಯಕ್ಕೊಂದು ಥರ. ಫ್ಲೋರಿಡಾದಲ್ಲಂತೂ ಹೊಸದಾಗಿ ಬರ್ಮೀಸ್ ಸಾಕುವಂತಿಲ್ಲ. ಸಾಕಿದವರಿಂದ ತಪ್ಪಿಸಿಕೊಂಡ, ಅವರೇ ಬಿಟ್ಟುಬಂದ ಹಾವುಗಳು ಅಲ್ಲಿನ ಎವರ್‌ಗ್ಲೇಡ್ಸ್ ಜೌಗಿನಲ್ಲಿ ಸಂಸಾರ ಹೂಡಿವೆ. ಮೊದಲು ನೀವಿರುವ ರಾಜ್ಯದ ನಿಯಮ ಓದಿ.

ಗೂಡು: ಅಂಗಡಿಯಲ್ಲಿ ಕಾಣುವ ಎರಡಡಿ ಮರಿ ಕೆಲವೇ ವರ್ಷಗಳಲ್ಲಿ ಹತ್ತಡಿ ದಾಟುತ್ತದೆ, ಇಪ್ಪತ್ತು ವರ್ಷ ಬದುಕುತ್ತದೆ. ಬೆಳೆದ ಹಾವಿಗೆ ಕನಿಷ್ಠ ಎಂಟಡಿ ಉದ್ದ, ನಾಲ್ಕಡಿ ಅಗಲದ ಗೂಡು ಬೇಕು. ಬಲೆಯ ಮುಚ್ಚಳದ ಗಾಜಿನ ಟ್ಯಾಂಕ್ ಬೇಡವೇ ಬೇಡ, ತಲೆಯಲ್ಲೇ ಎತ್ತಿ ಹೊರಬರುತ್ತದೆ. ಪಿವಿಸಿ ಗೂಡು, ಬಾಗಿಲಿಗೆ ಬೀಗ. ಒಂದು ತುದಿ 32 ಡಿಗ್ರಿ ಸೆಲ್ಸಿಯಸ್, ಇನ್ನೊಂದು 26ರ ಆಸುಪಾಸು, ಮೈ ಮುಳುಗುವಷ್ಟು ನೀರಿನ ತೊಟ್ಟಿ. ಥರ್ಮೋಸ್ಟಾಟ್ ಇಲ್ಲದೆ ಹೀಟರ್ ಹಾಕಬೇಡಿ. 'ಹೀಟ್ ರಾಕ್' ಅಂತ ಮಾರುವ ಬಿಸಿ ಕಲ್ಲು ದುಡ್ಡಿಗೆ ದಂಡ. ಹೊಟ್ಟೆ ಸುಟ್ಟರೂ ಹಾವು ಅಲ್ಲೇ ಬಿದ್ದಿರುತ್ತದೆ.

ಊಟ: ಎಲ್ಲರೂ ಎಡವುವುದು ಇಲ್ಲೇ. ಮನುಷ್ಯರ ಮೇಲೆ ದ್ವೇಷದಿಂದ ಹಾವು ಕಚ್ಚುವುದು ಕಡಿಮೆ, ಊಟ ಅಂದುಕೊಂಡು ಹಿಡಿಯುವುದೇ ಜಾಸ್ತಿ. ಹಾವು ಎಂಟಡಿ ದಾಟಿದ ಮೇಲೆ ಒಬ್ಬರೇ ಬಾಗಿಲು ತೆರೆಯಬಾರದು. ಜೊತೆಗೊಬ್ಬ ದೊಡ್ಡವರು ಅದೇ ಕೋಣೆಯಲ್ಲಿರಬೇಕು, ಅಡುಗೆಮನೆಯಲ್ಲಲ್ಲ.

ಜೀವಂತ ಮೊಲ ಬೇಡ, ಅದು ಹಾವನ್ನೇ ಕಚ್ಚುತ್ತದೆ. ಫ್ರೀಜರಿನ ಮೊಲವನ್ನು ಫ್ರಿಜ್ಜಿನಲ್ಲಿಟ್ಟು ಪೂರ್ತಿ ಕರಗಿಸಿ, ಆಮೇಲೆ ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿ. ಮೈಕ್ರೋವೇವ್ ಮುಟ್ಟಬೇಡಿ, ಒಳಗೆ ಬೆಂದುಹೋಗುತ್ತದೆ. ಮೊಲ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆದೇ ಗೂಡಿನ ಹತ್ತಿರ ಹೋಗಿ. ವಾಸನೆ ನಿಮ್ಮ ಕೈಯಲ್ಲಿದ್ದರೆ ಹಾವಿಗೆ ಕೈಯೇ ಮೊಲ.

ಬಾಗಿಲು ತೆರೆಯುವಾಗ ತಲೆ ಎಲ್ಲಿದೆ ನೋಡಿ. ನಾಲಿಗೆ ಪಟಪಟನೆ ಆಡುತ್ತಾ ಕುತ್ತಿಗೆ ಡೊಂಕಾಗಿ ಹಿಂದೆ ಸರಿದರೆ ಅದು ಹಾರಲು ಸಿದ್ಧವಾಗಿದೆ ಅಂತ. ಉದ್ದ ಇಕ್ಕಳದಲ್ಲಿ ಮೊಲ ಚಾಚಿ, ಹಿಡಿದ ಕೂಡಲೇ ಬಿಟ್ಟು ಬಾಗಿಲು ಹಾಕಿ. ಫೋಟೊ ಆಮೇಲೆ. ಊಟದ ದಿನವಲ್ಲದಾಗ ಕೊಕ್ಕೆಕೋಲಿನಿಂದ ಮೈಯನ್ನು ಮೆಲ್ಲಗೆ ಸವರಿ, ಆಮೇಲೆ ಕೈ ಹಾಕಿ. ಕೋಲು ತಾಗಿದರೆ ಊಟ ಇಲ್ಲ ಅಂತ ಹಾವಿಗೆ ಬೇಗ ರೂಢಿಯಾಗುತ್ತದೆ.

'ಬೇರೆ ಪೆಟ್ಟಿಗೆಗೆ ಹಾಕಿ ತಿನ್ನಿಸಿ' ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಹಸಿದ ಹಾವನ್ನು ಎತ್ತಿ ಹಾಕಬೇಕು, ಉಂಡ ಹಾವನ್ನು ಎತ್ತಿ ತರಬೇಕು. ಸುಮ್ನೆ ಎರಡು ಸಲ ಅಪಾಯ, ಅಲ್ವಾ?

ಅಕಸ್ಮಾತ್ ಸುತ್ತಿಕೊಂಡರೆ ತಲೆ ಎಳೆಯಬೇಡಿ. ಜೊತೆಯವರು ಬಾಲದ ತುದಿಯಿಂದ ಒಂದೊಂದೇ ಸುತ್ತು ಬಿಡಿಸಬೇಕು.

ಉಂಡ ಮೇಲೆ ಕನಿಷ್ಠ ಎರಡು ದಿನ ಎತ್ತಬೇಡಿ, ಕಕ್ಕಿಬಿಡುತ್ತದೆ. ದೊಡ್ಡ ಹಾವಿಗೆ ಎರಡರಿಂದ ನಾಲ್ಕು ವಾರಕ್ಕೊಂದು ಊಟ ಸಾಕು. ಮನೆಯಲ್ಲಿ ಮಕ್ಕಳಿದ್ದರೆ ಬೀಗದ ಕೈ ಗೂಡಿನ ಪಕ್ಕದ ಮೊಳೆಗೆ ನೇತುಹಾಕಬೇಡಿ.