ಮಾಡು ತೆಗೆದ ಕಾರು, ಪುಣೆಯ ಏಪ್ರಿಲ್ ಬಿಸಿಲು

ನಾನು ಕಾರು ಕೊಂಡಿದ್ದು ಡಿಸೆಂಬರಿನಲ್ಲಿ. ತಪ್ಪಾಗಿದ್ದೇ ಅಲ್ಲಿ. ಡಿಸೆಂಬರಿನ ಪುಣೆಯಲ್ಲಿ ಮಾಡು, ಅಂದರೆ ಮೇಲ್ಛಾವಣಿ, ತೆಗೆದ ಕಾರಿನಲ್ಲಿ ಕೂತರೆ ಯಾರಿಗಾದರೂ ತಲೆ ತಿರುಗುತ್ತದೆ. ಬೆಳಗಿನ ಚಳಿ, ಮೈಗೆ ಸ್ವೆಟರ್, ಕಾಲಿಗೆ ಹೀಟರ್, ಖಡಕ್‌ವಾಸ್ಲಾ ಕೆರೆಯ ದಂಡೆಯ ಗಾಳಿ. ಎರಡೇ ಸೀಟಿನ ಹಳೆಯ ಸ್ಪೋರ್ಟ್ಸ್ ಕಾರು ಅದು, ಸೆಕೆಂಡ್ ಹ್ಯಾಂಡ್. ಬಟ್ಟೆಯ ಮಾಡು, ಕೈಯಿಂದಲೇ ಎಳೆದು ಮಡಚಬೇಕು. ಒಳಗೆಲ್ಲ ಕಪ್ಪು ಲೆದರ್. ಆ ಕಪ್ಪು ಬಣ್ಣ ನೋಡಿಯೇ ಮರುಳಾಗಿದ್ದೆ. ಮಾರ್ಚ್ ಮುಗಿಯುವ ಹೊತ್ತಿಗೆ ಅದೇ ಸೀಟಿನ ಮೇಲೆ ದೋಸೆ ಹುಯ್ಯಬಹುದಿತ್ತು.

ಮೊದಲ ಪಾಠ ಕಲಿತದ್ದು ಏಪ್ರಿಲ್‌ನಲ್ಲಿ. ವಾಯಿಯಲ್ಲಿ ಗೆಳೆಯನ ಮನೆಯ ಗೃಹಪ್ರವೇಶ. ಬೆಳಿಗ್ಗೆ ಹೊರಡಬೇಕಾದವನು ಹನ್ನೊಂದಕ್ಕೆ ಹೊರಟೆ, ಅದೂ ಒಬ್ಬನೇ, ಅದೂ ಮಾಡು ಇಳಿಸಿಕೊಂಡು. ಕಾತ್ರಜ್ ಸುರಂಗ ದಾಟಿದ ಮೇಲೆ ಹೈವೇ ಖಾಲಿ ಇತ್ತು. ಗಾಳಿ ಜೋರಾಗಿ ಬೀಸುತ್ತಿತ್ತು. ಬಿಸಿಯೇನೋ ಇತ್ತು, ಆದರೆ ಒಂದು ಹನಿ ಬೆವರಿಲ್ಲ. ‘ಇಷ್ಟೇನಾ ಬೇಸಿಗೆ?’ ಅಂದುಕೊಂಡೆ. ಶಿರ್ವಳ ಬರುವಷ್ಟರಲ್ಲಿ ಹಣೆಯ ಹಿಂದೆ ನೋವು ಶುರುವಾಯಿತು. ಮುಂದಿನ ಲಾರಿಯ ಹಿಂಬದಿಯ ಅಕ್ಷರ ಓದಲು ಹೋದರೆ ಅಲುಗಾಡುತ್ತಿತ್ತು. ಅದೃಷ್ಟಕ್ಕೆ ಖಂಬಾಟ್ಕಿ ಘಾಟ್ ಹತ್ತುವ ಮೊದಲೇ ಒಂದು ಹೋಟೆಲ್ ಮುಂದೆ ನಿಲ್ಲಿಸಿದೆ.

ಗಲ್ಲಾದಲ್ಲಿದ್ದವರು ಕುಂದಾಪುರದ ಕಡೆಯವರು. ನಾನು ಫೋನಿನಲ್ಲಿ ಕನ್ನಡ ಮಾತಾಡುವುದು ಕೇಳಿ ಎದ್ದು ಬಂದರು. ಕಾರು ನೋಡಿದರು, ನನ್ನ ಮುಖ ನೋಡಿದರು. “ಎಂಥ ಮಾರಾಯ್ರೆ, ಮಾಡು ಇದ್ದೂ ತೆಗೆದಿಟ್ಟು ಬಂದದ್ದಾ?” ಅಂದರು. ಫ್ಯಾನಿನ ಕೆಳಗೆ ಕೂರಿಸಿ, ಉಪ್ಪು ಜಾಸ್ತಿ ಹಾಕಿದ ನೀರು ಮಜ್ಜಿಗೆ ಎರಡು ಲೋಟ ಕುಡಿಸಿದರು. ತಲೆಗೆ ಒದ್ದೆ ಬಟ್ಟೆ ಹಾಕಿಕೊಂಡು ಮುಕ್ಕಾಲು ಗಂಟೆ ಕೂತೆ. ಗೃಹಪ್ರವೇಶದ ಊಟಕ್ಕೆ ಹೋಗಿದ್ದು ಮೂರು ಗಂಟೆಗೆ, ಮಾಡು ಹಾಕಿಕೊಂಡು, ಏಸಿ ಬಿಟ್ಟುಕೊಂಡು.

ಆಮೇಲೆ ಯೋಚನೆ ಮಾಡಿದಾಗ ಅರ್ಥವಾಯಿತು. ಬೆವರಿರಲಿಲ್ಲ ಅಂತಲ್ಲ, ಬಂದ ಬೆವರೆಲ್ಲ ಗಾಳಿಗೆ ಹಾರಿಹೋಗುತ್ತಿತ್ತು. ಏಪ್ರಿಲ್‌ನಲ್ಲಿ ಪುಣೆಯ ಗಾಳಿ ಒಣ. ಅದರ ಮೇಲೆ ಕಾರಿನ ವೇಗದ ಗಾಳಿ. ಮೈಯಿಂದ ಲೀಟರುಗಟ್ಟಲೆ ನೀರು ಹೋದರೂ ಅಂಗಿ ಒದ್ದೆಯಾಗುವುದಿಲ್ಲ, ಹಾಗಾಗಿ ಗೊತ್ತೇ ಆಗುವುದಿಲ್ಲ. ಇನ್ನೊಂದು ವಿಷಯ. ನಮ್ಮ ಚರ್ಮದ ಬಿಸಿ ಸುಮಾರು 34–35 ಡಿಗ್ರಿ. ಹೊರಗೆ 40 ಇದ್ದಾಗ ಬೀಸುವ ಗಾಳಿ ನಮ್ಮ ಮೈಯ ಬಿಸಿ ತೆಗೆಯುವುದಿಲ್ಲ, ತನ್ನದನ್ನೇ ತಂದು ಹಾಕುತ್ತದೆ. ತಂಪು ಕೊಡುವುದು ಬೆವರು ಮಾತ್ರ. ಅದಕ್ಕೆ ನೀರು ಬೇಕು. ಈಗ ಬಾಯಾರಿಕೆಗೆ ಕಾಯುವುದಿಲ್ಲ. ಅರ್ಧ ಗಂಟೆಗೊಮ್ಮೆ ನಾಲ್ಕು ಗುಟುಕು. ದೂರ ಹೋಗುವುದಿದ್ದರೆ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕಿದ ಬಾಟಲಿ ಜೊತೆಗಿರುತ್ತದೆ. ರುಚಿ ಏನೂ ಚೆನ್ನಾಗಿಲ್ಲ. ರುಚಿ ಬೇಕಾದರೆ ದಾರಿಯುದ್ದಕ್ಕೂ ರಸವಂತಿ ಗೃಹಗಳಿವೆಯಲ್ಲ, ಕಬ್ಬಿನ ಗಾಣದ ಗೆಜ್ಜೆ ಸದ್ದು ಕೇಳಿದಲ್ಲಿ ನಿಲ್ಲಿಸಿದರಾಯಿತು.

ಮುಂಬೈಗೆ ಹೋದಾಗ ಕಥೆ ಉಲ್ಟಾ. ಅಲ್ಲಿ 34 ಡಿಗ್ರಿಯೇ ಇರಬಹುದು, ಆದರೆ ಬೆವರು ಆರುವುದೇ ಇಲ್ಲ, ಮೈಗೇ ಅಂಟಿಕೊಂಡಿರುತ್ತದೆ. ಎಕ್ಸ್‌ಪ್ರೆಸ್‌ವೇಯಲ್ಲಿ ಬೋರ್ ಘಾಟ್ ಇಳಿಯುತ್ತಿದ್ದ ಹಾಗೆ ಗಾಳಿ ದಪ್ಪಗಾಗುವುದು ಮುಖಕ್ಕೇ ಗೊತ್ತಾಗುತ್ತದೆ. ನಾನು ಖೋಪೋಲಿ ಬರುವ ಮೊದಲೇ ಮಾಡು ಏರಿಸಿಬಿಡುತ್ತೇನೆ.

ತಲೆಗೆ ಏನು ಹಾಕಬೇಕು ಅನ್ನುವುದಕ್ಕೆ ನನಗೆ ಗುರುಗಳಾದವರು ಪುಣೆಯ ಸ್ಕೂಟಿ ಹುಡುಗಿಯರು. ಮೊದಲು ಒಂದು ಸ್ಟೈಲಿನ ಕ್ಯಾಪ್ ಕೊಂಡಿದ್ದೆ. 60ರ ವೇಗ ದಾಟಿದ್ದೇ ತಡ, ಹಾರಿ ಹೋಗಿ ಹಿಂದಿನ ಟೆಂಪೋದ ವೈಪರಿಗೆ ಸಿಕ್ಕಿಕೊಂಡಿತು. ಈ ಹುಡುಗಿಯರನ್ನು ನೋಡಿ, ತಲೆ, ಕಿವಿ, ಮೂಗು, ಕುತ್ತಿಗೆ ಎಲ್ಲ ಸುತ್ತಿ ಕಣ್ಣು ಮಾತ್ರ ಬಿಟ್ಟಿರುತ್ತಾರೆ. ಯಾವ ಗಾಳಿಗೂ ಜಗ್ಗುವುದಿಲ್ಲ. ತುಳಶಿಬಾಗಿಗೆ ಹೋಗಿ ಎರಡು ಬಿಳಿ ಹತ್ತಿ ಸ್ಕಾರ್ಫ್, ಮೊಣಕೈ ದಾಟುವ ಒಂದು ಜೊತೆ ಗ್ಲೌಸ್ ತಂದೆ. ಅಂಗಡಿಯವರು ‘ಮನೆಯವರಿಗಾ?’ ಅಂತ ಕೇಳಿದರು. ಹೂಂ ಅಂದೆ. ಸ್ಕಾರ್ಫ್ ಒದ್ದೆ ಮಾಡಿ ಹಿಂಡಿ ಸುತ್ತಿಕೊಂಡರೆ ಇನ್ನೂ ಒಳ್ಳೆಯದು. ಮಣ್ಣಿನ ಹರವಿಯ ನೀರು ತಣ್ಣಗಾಗುವುದೂ ಇದೇ ರೀತಿ. ಒಣ ಗಾಳಿಗೆ ಇಪ್ಪತ್ತು ನಿಮಿಷದಲ್ಲಿ ಆರಿಬಿಡುತ್ತದೆ, ಮತ್ತೆ ಒದ್ದೆ ಮಾಡಬೇಕು. ಮುಂಬೈಯಲ್ಲಿ ಈ ಉಪಾಯ ನಡೆಯುವುದಿಲ್ಲ, ಸುಮ್ನೆ ಒದ್ದೆ ಬಟ್ಟೆ ಹೊತ್ತುಕೊಂಡ ಹಾಗಾಗುತ್ತದೆ. ಸನ್‌ಸ್ಕ್ರೀನ್ ಕೂಡ ಹಚ್ಚುತ್ತೇನೆ. ಎಲ್ಲರೂ ಮರೆಯುವುದು ಕಿವಿಯ ತುದಿ ಮತ್ತು ಬೈತಲೆ.

ಬಿಸಿಲು ಯಾವ ಕಡೆಯಿಂದ ಬೀಳುತ್ತದೆ ಅನ್ನುವುದು ಮಾಡು ಇರುವ ಕಾರಿನವರಿಗೆ ಬೇಕಾಗಿಲ್ಲ. ನನಗೆ ಅದೇ ಮೊದಲ ಲೆಕ್ಕ. ವಾಯಿಗೆ ಹೋಗುವ ಸಾತಾರಾ ರಸ್ತೆ ಹೆಚ್ಚುಕಡಿಮೆ ದಕ್ಷಿಣಕ್ಕೆ ಹೋಗುತ್ತದೆ. ಸಂಜೆ ಹೊರಟರೆ ಪಶ್ಚಿಮದ ಬಿಸಿಲು ಬಲಗಡೆ, ಅಂದರೆ ಡ್ರೈವರ್ ಕಡೆ. ಮರುದಿನ ಬೆಳಿಗ್ಗೆ ವಾಪಸ್ ಬಂದರೆ ಪೂರ್ವದ ಬಿಸಿಲು, ಅದೂ ಬಲಗಡೆಯೇ! ಎರಡೂ ಸಲ ಬೇಯುವುದು ನನ್ನದೇ ಬಲಗಿವಿ. ಬೆಳಿಗ್ಗೆ ಹೋಗಿ ಸಂಜೆ ಬಂದರೆ ಎರಡೂ ಸಲ ಬಿಸಿಲು ಎಡಕ್ಕೆ. ಮುಂಬೈ ರಸ್ತೆ ಪಶ್ಚಿಮದ ಕಡೆಗೆ ಹೋಗುವುದರಿಂದ ಬೆಳಿಗ್ಗೆ ಹೋಗಿ ಸಂಜೆ ಬಂದರೆ ಎರಡೂ ಸಲ ಸೂರ್ಯ ಬೆನ್ನ ಹಿಂದೆ. ಕಣ್ಣಿಗೆ ಆರಾಮ, ಕತ್ತಿನ ಹಿಂಭಾಗಕ್ಕೆ ಕಷ್ಟ. ನಡು ಮಧ್ಯಾಹ್ನದ ಮಾತೇ ಬೇಡ. ಮೇ ಮಧ್ಯದಲ್ಲಿ ಪುಣೆಯಲ್ಲಿ ಹನ್ನೆರಡೂವರೆ ಹೊತ್ತಿಗೆ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ, ನೆಟ್ಟಗೆ ನಿಂತ ಕಂಬಕ್ಕೂ ನೆರಳಿರುವುದಿಲ್ಲ. ಮುಂದಿನ ಗಾಜಿನ ನೆರಳು ನನಗೆ ಎಲ್ಲಿಂದ ಸಿಗಬೇಕು?

ಹಾಗಾಗಿ ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ ಐದೂವರೆಯಿಂದ ಎಂಟೂವರೆ, ಸಂಜೆ ಆರರ ಮೇಲೆ, ಇಷ್ಟೇ ನನ್ನ ಮಾಡು ತೆಗೆಯುವ ಹೊತ್ತು. ಪುಣೆಯ ಪುಣ್ಯ ಅಂದರೆ ಸೂರ್ಯ ಮುಳುಗಿದ ಮೇಲೆ ಗಾಳಿ ಬೇಗ ತಣ್ಣಗಾಗುತ್ತದೆ. ಇನ್ನೂ ಬೇಕೆಂದರೆ ಮೇಲಕ್ಕೆ ಹತ್ತಬೇಕು. ವಾಯಿಯಿಂದ ಪಸರಣಿ ಘಾಟ್ ಹತ್ತಿ ಪಂಚಗಣಿ ಸೇರುವಷ್ಟರಲ್ಲಿ ಮೂರು ನಾಲ್ಕು ಡಿಗ್ರಿ ಕಡಿಮೆ. ಬೇರೆ ಕಾರಿನವರು ಅದನ್ನು ಮೀಟರ್ ನೋಡಿ ತಿಳಿಯುತ್ತಾರೆ. ನನಗೆ ಒಂದೊಂದು ತಿರುವಿನಲ್ಲೂ ಮುಖಕ್ಕೆ ಬಡಿಯುತ್ತದೆ. ದುಡ್ಡು ಕೊಟ್ಟಿದ್ದೇ ಅದಕ್ಕೆ ಅಲ್ವಾ.

ಊರೊಳಗೆ ಸಿಗ್ನಲ್‌ನಲ್ಲಿ ಸಿಕ್ಕಿಕೊಳ್ಳುವುದೇ ದೊಡ್ಡ ಶಿಕ್ಷೆ. ನಳ್ ಸ್ಟಾಪ್‌ನಲ್ಲಿ ಮೂರು ಸಿಗ್ನಲ್ ಕಾದರೆ ಮೇಲಿನ ಬಿಸಿಲು, ಕೆಳಗಿನ ಡಾಂಬರಿನ ಝಳ, ಪಕ್ಕದ ಬಸ್ಸಿನ ಇಂಜಿನ್ ಎಲ್ಲ ನಮ್ಮ ಪಾಲಿಗೇ. ರಿಕ್ಷಾದವರು ಮೇಲಿನಿಂದ ಇಣುಕಿ ಮೈಲೇಜ್ ಬೇರೆ ಕೇಳುತ್ತಾರೆ. ಊರು ದಾಟುವ ತನಕ ಮಾಡು ಮುಚ್ಚಿಯೇ ಇರಲಿ. ತೆಗೆದ ಮೇಲೂ ಪಕ್ಕದ ಗಾಜು ಏರಿಸಿಟ್ಟು, ಏಸಿಯ ಗಾಳಿಯನ್ನು ಹೊಟ್ಟೆಗೆ, ಕಾಲಿಗೆ ಬಿಡಿ. ಮುಖಕ್ಕೆ ಬಿಟ್ಟರೆ ಊರಿಗೆಲ್ಲ ಏಸಿ ಹಾಕಿದ ಹಾಗೆ.

ನಿಲ್ಲಿಸುವಾಗ ಸ್ಟಿಯರಿಂಗನ್ನು ಅರ್ಧ ಸುತ್ತು ತಿರುಗಿಸಿಡುತ್ತೇನೆ. ಬಿಸಿಲು ಬೀಳುವುದು ನಾನು ಹಿಡಿಯದ ಭಾಗಕ್ಕೆ. ಸೀಟಿಗೂ ಬೆಲ್ಟಿನ ಬಕಲ್ಲಿಗೂ ಬಿಳಿ ಟವೆಲ್. ಬರಿಗಾಲ ಚಡ್ಡಿಯಲ್ಲಿ ಆ ಬಕಲ್ ಒಮ್ಮೆ ತೊಡೆಗೆ ತಾಗಿದರೆ ಸಾಕು, ಜನ್ಮದಲ್ಲಿ ಟವೆಲ್ ಮರೆಯುವುದಿಲ್ಲ. ಹೊರಡುವ ಮೊದಲು ಒಂದು ನಿಮಿಷ ಮಾಡು ತೆಗೆದರೆ ಒಳಗಿನ ಬಿಸಿಯೆಲ್ಲ ಒಮ್ಮೆಗೇ ಹೊರಟುಹೋಗುತ್ತದೆ, ಮತ್ತೆ ಮುಚ್ಚಿ ಏಸಿ ಹಾಕಬಹುದು. ಬೇರೆ ಯಾವ ಕಾರಿಗೂ ಈ ಭಾಗ್ಯವಿಲ್ಲ. ನೆರಳಿನ ಆಸೆಗೆ ಮಳೆಮರದ ಕೆಳಗೆ ಮಾತ್ರ ನಿಲ್ಲಿಸಬೇಡಿ. ಅಂಟು, ಹಕ್ಕಿ ಹಿಕ್ಕೆ ಬಟ್ಟೆಯೊಳಗೆ ಇಳಿದರೆ ಸುಲಭಕ್ಕೆ ಹೋಗುವುದಿಲ್ಲ. ಟೈರಿನ ಗಾಳಿ ಬೆಳಿಗ್ಗೆಯೇ ನೋಡಿಸಿ, ರೇಡಿಯೇಟರಿಗೆ ಬರೀ ನೀರು ಬೇಡ, ಕೂಲಂಟ್ ಇರಲಿ.

ಮೇ ಬಂತೆಂದರೆ ಸಂಜೆಯ ಗುಡುಗು ಮಳೆಯೂ ಇದೆ. ಇಲ್ಲಿಯವರು ವಳೀವ್ ಅನ್ನುತ್ತಾರೆ. ಒಮ್ಮೆ ಸಿಂಹಗಡದ ಕೆಳಗೆ ಸಿಕ್ಕಿಬಿದ್ದೆ. ಮಾಡಿನ ಎರಡು ಕ್ಲಿಪ್ ಹಾಕುವಷ್ಟರಲ್ಲಿ ಸೀಟಿನಲ್ಲಿ ನೀರು ನಿಂತಿತ್ತು. ಒದ್ದೆಯಾದ ಮಾಡನ್ನು ಮಡಚಿಡಬಾರದು, ಬೂಸು ಹಿಡಿಯುತ್ತದೆ. ಎರಡು ದಿನ ಬಿಚ್ಚಿಟ್ಟು ಒಣಗಿಸಿದೆ.

ಬೆಳಿಗ್ಗೆ ಹೋಗಿ ಸಂಜೆ ಬರುವ ನನ್ನ ಲೆಕ್ಕ ಎರಡು ವರ್ಷ ಚೆನ್ನಾಗಿಯೇ ನಡೆಯಿತು. ಹೋದ ತಿಂಗಳು ವಾಯಿಯಿಂದ ಬಂದ ಮೇಲೆ ನನ್ನಾಕೆ ಕನ್ನಡಿ ಮುಂದೆ ನಿಂತು ತನ್ನ ಎಡಗೆನ್ನೆ, ಬಲಗೆನ್ನೆ ಎರಡನ್ನೂ ಬಹಳ ಹೊತ್ತು ನೋಡಿದಳು. ಆಕೆ ಧಾರವಾಡದವಳು.

“ರೀ, ಹೋಗೂಮುಂದನೂ ಬಿಸಲು ನನ್ನ ಕಡೆ, ಬರೂಮುಂದನೂ ನನ್ನ ಕಡೆ. ಇದು ಹ್ಯಾಂಗ್ರೀ?”

ನಾನು ಏನೋ ಹೇಳಲು ಹೋದೆ.

“ಮುಂದಿನ ಐತವಾರ ಕಾರು ನಾ ಹೊಡೀತೀನಿ,” ಅಂದಳು.