ಒಂಟಿ ಮನೆಯ ಬೆಲ್ ಒತ್ತುವ ಮುನ್ನ

ಹೋದ ವರ್ಷ ಅಕ್ಟೋಬರ್ 1, ವಿಶ್ವ ಹಿರಿಯರ ದಿನ. ನಮ್ಮ ಬಡಾವಣೆಯ ಎಂಟು ಜನ ಬ್ಯಾನರ್, ಶಾಲು, ಹಣ್ಣಿನ ಬುಟ್ಟಿ ಹಿಡಿದು ಒಂಟಿಯಾಗಿರುವ ಹಿರಿಯರೊಬ್ಬರ ಮನೆಗೆ ನುಗ್ಗಿದೆವು. ಫೋಟೊ ಆಯ್ತು, ಚಪ್ಪಾಳೆ ಆಯ್ತು. ಆಮೇಲೆ ಯಾರೂ ಆ ಕಡೆ ತಲೆ ಹಾಕಲಿಲ್ಲ. ಈಗ ಬೆಲ್ ಒತ್ತಿದರೆ ಅವರು ಕಿಟಕಿಯಿಂದಲೇ "ಏನೂ ಬೇಡಪ್ಪ" ಅಂತಾರೆ.

ಇಂಥ ಹಿರಿಯರ ಜೊತೆ ನಿಜವಾದ ಒಡನಾಟ ಬೇಕೆಂದರೆ, ಮೊದಲು ಯಾರು ಒಂಟಿ ಅಂತ ತಿಳಿಯಿರಿ. ಅದಕ್ಕೆ ಸರ್ವೆ ಬೇಡ. ಹಾಲು ಹಾಕುವವರು, ಇಸ್ತ್ರಿ ಗಾಡಿಯವರು, ಮೆಡಿಕಲ್ ಶಾಪಿನವರನ್ನು ಕೇಳಿದರೆ ಸಾಕು. ಒಂಬತ್ತಾದರೂ ಹಾಲಿನ ಪ್ಯಾಕೆಟ್ ಗೇಟಿನ ಚೀಲದಲ್ಲೇ ಇರುವ ಮನೆ ಯಾವುದೆಂದು ಅವರಿಗೆ ಗೊತ್ತು. ಆ ಪಟ್ಟಿಯನ್ನು ಮಾತ್ರ ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ. ಕಳ್ಳರಿಗೆ ವಿಳಾಸ ಕೊಟ್ಟ ಹಾಗೆ.

ಇನ್ನು ಬಾಗಿಲು. ಎಲ್ಲರೂ ಎಡವುವುದು ಇಲ್ಲೇ. ಇಬ್ಬರೇ ಹೋಗಿ, ಒಬ್ಬರು ಹೆಂಗಸಿರಲಿ. ಮಧ್ಯಾಹ್ನದ ನಿದ್ದೆ ಮುಗಿದು, ಸೀರಿಯಲ್ ಶುರುವಾಗುವ ಮೊದಲು, ಅಂದರೆ ಐದರ ಸುಮಾರಿಗೆ. ಬೆಲ್ ಒತ್ತಿ ಎರಡು ಹೆಜ್ಜೆ ಹಿಂದೆ ನಿಲ್ಲಿ. ಬಾಗಿಲಿನ ಇಣುಕುಕಿಂಡಿಯಲ್ಲಿ ನಿಮ್ಮ ಮುಖ ಪೂರ್ತಿ ಕಾಣಬೇಕು. ಬಾಗಿಲು ತೆಗೆಯಲು ಮಂಡಿನೋವಿಗೆ ಎರಡು ನಿಮಿಷ ಬೇಕು, ಮತ್ತೆ ಮತ್ತೆ ಒತ್ತಬೇಡಿ. "ಅಜ್ಜಿ" ಅನ್ನಬೇಡಿ, ಎಪ್ಪತ್ತೈದಾದರೂ ಚುಚ್ಚುತ್ತದೆ. "ಅಮ್ಮಾ, ನಾನು ಹಿಂದಿನ ಕ್ರಾಸಿನ ಹಸಿರು ಗೇಟಿನ ಮನೆಯವಳು. ನಿಮ್ಮ ಗಿಡದ್ದು ನಾಲ್ಕೆಸಳು ಕರಿಬೇವು ಕೊಡ್ತೀರಾ?" ಅಷ್ಟೇ. ಕೊಡಲು ಹೋಗಬೇಡಿ, ಕೇಳಲು ಹೋಗಿ. ಗಿಡ ಇಲ್ಲವಾ? ಹುಳಿಪುಡಿಯ ಅಳತೆ ಕೇಳಿ. "ಮಕ್ಕಳು ಎಲ್ಲಿದ್ದಾರೆ, ನೋಡ್ಕೊಳ್ಳಲ್ವಾ?" ಅಂತ ಮಾತ್ರ ಬಾಯಿ ತಪ್ಪಿಯೂ ಬರಕೂಡದು. ಒಳಗೆ ಕರೆದರೂ ಮೊದಲ ದಿನ ಬೇಡ.

ಮರುದಿನ ಆ ಕರಿಬೇವು ಹಾಕಿದ ಹುಳಿಯನ್ನು ಸಣ್ಣ ಸ್ಟೀಲ್ ಡಬ್ಬಿಯಲ್ಲಿ ಕೊಟ್ಟು ಬನ್ನಿ. ಸ್ಟೀಲೇ ಆಗಬೇಕು. ಪಾರ್ಸೆಲ್‌ನ ಪ್ಲಾಸ್ಟಿಕ್ ಡಬ್ಬವನ್ನು ಯಾರೂ ವಾಪಸ್ ಕೊಡಲ್ಲ. ಸ್ಟೀಲ್ ಡಬ್ಬಿ ಕೊಡಲೇಬೇಕು, ಅದೂ ಖಾಲಿ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಮೂರು ಚಕ್ಕುಲಿ ಹಾಕಿಕೊಂಡು ಅವರೇ ನಿಮ್ಮ ಗೇಟಿನ ತನಕ ನಡೆದು ಬರ್ತಾರೆ. ಬೇಕರಿ ಸ್ವೀಟ್ ಬಾಕ್ಸ್ ಬೇಡವೇ ಬೇಡ, ಎಷ್ಟೋ ಜನಕ್ಕೆ ಶುಗರ್ ಇರುತ್ತೆ.

ಆಮೇಲೆ ವಾರಕ್ಕೊಂದು ದಿನ ಗೊತ್ತು ಮಾಡಿ. ಹತ್ತೇ ನಿಮಿಷವಾದರೂ ಸರಿ, ತಪ್ಪಿಸಬೇಡಿ. ಬರಲಾಗದಿದ್ದರೆ ಫೋನ್ ಮಾಡಿ ಹೇಳಿ, ಅವರು ಐದರಿಂದಲೇ ಬಾಗಿಲು ತೆಗೆದಿಟ್ಟು ಕೂತಿರ್ತಾರೆ. ಗುಡ್ ಮಾರ್ನಿಂಗ್ ಚಿತ್ರ ಕಳಿಸೋದು ಭೇಟಿಯ ಲೆಕ್ಕಕ್ಕೆ ಬರಲ್ಲ.

ಕತ್ತಿಗೆ ಹಾಕುವ ತುರ್ತು ಬಟನ್‌ಗಳನ್ನು ಕೆಲವರು ತರಿಸಿಕೊಡ್ತಾರೆ. ನಾನು ನೋಡಿದ ಎರಡೂ ಡ್ರಾಯರಿನಲ್ಲಿ ಬಿದ್ದಿವೆ. ಬದಲಿಗೆ ನಿಮ್ಮ ನಂಬರ್ ಬರೆದುಕೊಡಿ. ಕೆಳಗೆ 14567, ಹಿರಿಯರ ಸಹಾಯವಾಣಿ, ಬೆಳಿಗ್ಗೆ 8ರಿಂದ ರಾತ್ರಿ 8. ಮನಸ್ಸು ತೀರಾ ಕುಗ್ಗಿದರೆ 14416, ಟೆಲಿ ಮನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ, ಹಗಲೂ ರಾತ್ರಿ, ಕನ್ನಡದಲ್ಲೇ ಮಾತಾಡ್ತಾರೆ. ದಪ್ಪ ಸ್ಕೆಚ್ ಪೆನ್ನಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿ. ಕನ್ನಡಕ ಹುಡುಕದೆ ಓದುವಷ್ಟು ದೊಡ್ಡಕ್ಷರ ಇರಲಿ.