ವರ್ಕಿಂಗ್ ಹಾಲಿಡೇಯಿಂದ ಕೆಲಸದ ವೀಸಾಕ್ಕೆ: ಇಪ್ಪತ್ತೆರಡನೇ ತಿಂಗಳಲ್ಲಿ ಎಚ್ಚರಾದರೆ ತಡ

2025ರ ಕಕ್ಕಡ ಮಾಸ, ಕೊಡಗಿನಲ್ಲಿ ಜಡಿಮಳೆಯ ಕಾಲ. ಮೂರು ದಿನದಿಂದ ಕರೆಂಟಿಲ್ಲ. ಮೊಬೈಲ್ ಸಿಗ್ನಲ್ ಬೇಕೆಂದರೆ ಕೊಡೆ ಹಿಡಿದು ತೋಟದ ಏರು ಹತ್ತಬೇಕು. ಹಾಗೆ ಹತ್ತಿ ನಿಂತಿದ್ದಾಗ ಇಂಗ್ಲೆಂಡಿನಿಂದ ಅಕ್ಕನ ಮಗನ ಕರೆ ಬಂತು. “ಮಾವ, ವೀಸಾ ಮುಗಿಯಲು ಎರಡು ತಿಂಗಳಿದೆ. ಇಲ್ಲೇ ಕೆಲಸದ ವೀಸಾ ಮಾಡಿಸಿಕೊಳ್ಳಬೇಕು. ಮಾಲೀಕರು ಬರೆದುಕೊಡುತ್ತಾರಂತೆ.”

ಅವನು ಇಪ್ಪತ್ತೆರಡು ತಿಂಗಳು ಒಂದು ಸಣ್ಣ ಕೆಫೆಯ ಅಡುಗೆಮನೆಯಲ್ಲಿ ದುಡಿದಿದ್ದ. ಮಾಲೀಕ ನಿಜಕ್ಕೂ ಒಳ್ಳೆಯ ಮನುಷ್ಯ. ಆದರೆ ಬರೆದುಕೊಡುವುದಕ್ಕೆ ಬೇಕಾದ ಸ್ಪಾನ್ಸರ್ ಪರವಾನಗಿ, ಅಂದರೆ ವಿದೇಶೀಯರನ್ನು ಪ್ರಾಯೋಜಿಸಿ ಕೆಲಸಕ್ಕಿಟ್ಟುಕೊಳ್ಳಲು ಸರ್ಕಾರ ಕೊಡುವ ಅನುಮತಿ, ಆತನ ಬಳಿ ಇರಲಿಲ್ಲ. ಇದ್ದಿದ್ದರೂ ಪ್ರಯೋಜನವಿರಲಿಲ್ಲ, ಅದೇ ಜುಲೈ 22ರಿಂದ ಬ್ರಿಟನ್ನಿನ ಉದ್ಯೋಗ ವೀಸಾಕ್ಕೆ ಅರ್ಹವಾದ ಹುದ್ದೆಗಳಿಂದ ಬಾಣಸಿಗನ ಕೆಲಸ ಹೊರಬಿದ್ದಿತ್ತು. ಅವನು ಬಿ.ಕಾಂ. ಮುಗಿಸಿದವನು. ಮೊದಲ ವರ್ಷದಲ್ಲೇ ಲೆಕ್ಕಪತ್ರದ ಕಚೇರಿಯೊಂದರಲ್ಲಿ ಕಡಿಮೆ ಸಂಬಳಕ್ಕಾದರೂ ಕುಳಿತಿದ್ದರೆ ಕಥೆ ಬೇರೆಯೇ ಆಗುತ್ತಿತ್ತು.

ಅವನು ಹೋಗಿದ್ದು ವರ್ಕಿಂಗ್ ಹಾಲಿಡೇ ಬಗೆಯ ವೀಸಾದ ಮೇಲೆ, ಅಂದರೆ ಯುವಕರು ಮಾಲೀಕರ ಪ್ರಾಯೋಜನೆಯಿಲ್ಲದೆ ಒಂದೆರಡು ವರ್ಷ ಅಲ್ಲಿದ್ದು ದುಡಿಯಲು ಸಿಗುವ ವೀಸಾ. ಇಂಥ ವೀಸಾದ ಮೇಲೆ ಹೋದವರಿಗೆ ಎರಡು ಬಗೆಯ ಕೆಲಸ ಸಿಗುತ್ತದೆ. ಒಂದು, ದಿನ ದೂಡುವ ಕೆಲಸ. ಇನ್ನೊಂದು, ಮುಂದಿನ ವೀಸಾಕ್ಕೆ ದಾರಿಯಾಗುವ ಕೆಲಸ. ಎರಡೂ ಒಂದೇ ಆಗುವುದು ಬಹಳ ಅಪರೂಪ.

ನಮಗೆ ತೆರೆದಿರುವ ಬಾಗಿಲುಗಳು

ಭಾರತೀಯ ಪಾಸ್‌ಪೋರ್ಟಿಗೆ ಈ ಲೇಖನದ ಮಟ್ಟಿಗೆ ಮುಖ್ಯವಾದವು ಎರಡು. ಬ್ರಿಟನ್ನಿನ ಯಂಗ್ ಪ್ರೊಫೆಷನಲ್ಸ್ ಸ್ಕೀಮ್ 2023ರಲ್ಲಿ ಆರಂಭವಾಯಿತು: ವರ್ಷಕ್ಕೆ 3,000 ಸ್ಥಾನ, 18ರಿಂದ 30 ವಯಸ್ಸು, ಕನಿಷ್ಠ ಪದವಿ, ಎರಡು ವರ್ಷ ವಾಸ. ಈ ವೀಸಾವನ್ನು ವಿಸ್ತರಿಸಲು ಬರುವುದಿಲ್ಲ. ಆಸ್ಟ್ರೇಲಿಯಾದ ವರ್ಕ್ ಅಂಡ್ ಹಾಲಿಡೇ, ಅಂದರೆ 462ನೇ ಉಪವರ್ಗದ ವೀಸಾ, ಭಾರತೀಯರಿಗೆ 2024ರಲ್ಲಿ ತೆರೆಯಿತು: ವರ್ಷಕ್ಕೆ 1,000 ಸ್ಥಾನ, ವಯಸ್ಸು ಅದೇ, ಒಂದು ಸಲಕ್ಕೆ ಹನ್ನೆರಡು ತಿಂಗಳು. ಎರಡಕ್ಕೂ ಮೊದಲು ಲಾಟರಿ ಎತ್ತುತ್ತಾರೆ. ಬ್ರಿಟನ್ನಿನ ಲಾಟರಿ ಸಾಮಾನ್ಯವಾಗಿ ಫೆಬ್ರುವರಿ ಮತ್ತು ಜುಲೈಯಲ್ಲಿ, ಅದೂ 48 ಗಂಟೆ ಮಾತ್ರ ತೆರೆದಿರುತ್ತದೆ. ಜುಲೈಯ 48 ಗಂಟೆ ಎಂದರೆ ಕೊಡಗಿನಲ್ಲಿ ಏನೆಂದು ನಿಮಗೆ ಹೇಳಬೇಕಾಗಿಲ್ಲ. ಮೈಸೂರಿನಲ್ಲಿರುವ ನೆಂಟರ ಮನೆಗೆ ಎರಡು ದಿನ ಮೊದಲೇ ಹೋಗಿಬಿಡಿ.

ಕೆನಡಾದ ವರ್ಕಿಂಗ್ ಹಾಲಿಡೇ ಮಾಡಿಸಿಕೊಡುತ್ತೇವೆ ಎಂದು ಯಾರಾದರೂ ಮುಂಗಡ ಕೇಳಿದರೆ ಎದ್ದು ಬನ್ನಿ. ಆ ಯೋಜನೆಯ ದೇಶಗಳ ಪಟ್ಟಿಯಲ್ಲಿ ಭಾರತವೇ ಇಲ್ಲ.

ಹೊರಡುವ ಮೊದಲು: ಹೆಸರು, ಪದವಿ, ಸಂಬಳದ ಚೀಟಿ

ನಮ್ಮ ಜಿಲ್ಲೆಯವರ ಅರ್ಜಿ ಎಡವುವುದು ಹೆಚ್ಚಾಗಿ ಹೆಸರಿನಲ್ಲಿ. ಕೊಡವರಿರಲಿ, ಅರೆಭಾಷೆ ಗೌಡರಿರಲಿ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮನೆತನದ ಹೆಸರು ಒಂದಕ್ಷರದ ಇನಿಷಿಯಲ್ ಆಗಿರುತ್ತದೆ. ಪದವಿ ಪತ್ರದಲ್ಲಿ ತಂದೆಯ ಹೆಸರು ಸೇರಿಕೊಂಡಿರುತ್ತದೆ. ಪಾಸ್‌ಪೋರ್ಟಿನಲ್ಲಿ ಮನೆಹೆಸರು ಪೂರ್ತಿಯಾಗಿ ಮೊದಲು ಬರುತ್ತದೆ, ಉಪನಾಮದ ಜಾಗ ಖಾಲಿ ಇರುತ್ತದೆ. ಊರಿನಲ್ಲಿ ಮನೆಹೆಸರು ಹೇಳಿದರೆ ಸಾಕು, ನಾಲ್ಕು ತಲೆಮಾರು ಲೆಕ್ಕ ಹಾಕಿಬಿಡುತ್ತಾರೆ. ವೀಸಾ ಅಧಿಕಾರಿಗೆ ಮಾತ್ರ ಅದು ಮೂರು ಬೇರೆ ಬೇರೆ ವ್ಯಕ್ತಿಗಳಂತೆ ಕಾಣುತ್ತದೆ. ಆಸ್ಟ್ರೇಲಿಯಾದ ಲಾಟರಿಗೆ ಪ್ಯಾನ್ ಸಂಖ್ಯೆಯನ್ನೂ ಕೊಡಬೇಕಾಗಿರುವುದರಿಂದ ನಾಲ್ಕನೆಯವನೊಬ್ಬ ಹುಟ್ಟಿಕೊಳ್ಳಬಹುದು. ಪ್ಯಾನ್ ಮತ್ತು ಪಾಸ್‌ಪೋರ್ಟನ್ನು ಮೊದಲು ಹೊಂದಿಸಿ. ಅಂಕಪಟ್ಟಿ ತಿದ್ದಿಸುವುದು ದೊಡ್ಡ ಕೆಲಸ. ಅದರ ಬದಲು, ಇವೆಲ್ಲ ಒಬ್ಬರದೇ ಹೆಸರು ಎಂಬ ಅಫಿಡವಿಟ್ಟನ್ನು ನೋಟರಿಯ ಮುಂದೆ ಮಾಡಿಸಿ, ಇಂಗ್ಲಿಷ್‌ನಲ್ಲೇ ಇಟ್ಟುಕೊಳ್ಳಿ.

ಪದವಿಯದು ಎರಡನೆಯ ವಿಷಯ. ಬ್ರಿಟನ್ನಿನ ಯಂಗ್ ಪ್ರೊಫೆಷನಲ್ಸ್ ವೀಸಾಕ್ಕೆ ಇಂಗ್ಲಿಷ್ ಪರೀಕ್ಷೆ ಕೇಳುವುದಿಲ್ಲ. ಆದರೆ ಅಲ್ಲಿಂದ ಸ್ಕಿಲ್ಡ್ ವರ್ಕರ್, ಅಂದರೆ ಬ್ರಿಟನ್ನಿನ ಉದ್ಯೋಗ ವೀಸಾಕ್ಕೆ ದಾಟುವಾಗ ಕೇಳುತ್ತಾರೆ. 2026ರ ಜನವರಿ 8ರಿಂದ ಅದು ಬಿ2, ಅಂದರೆ ಮೇಲ್ಮಧ್ಯಮ ಮಟ್ಟಕ್ಕೆ ಏರಿದೆ. ಪರೀಕ್ಷೆ ಬರೆಯಬಹುದು. ಇಲ್ಲವೇ ಪದವಿಯ ಬೋಧನೆ ಇಂಗ್ಲಿಷ್ ಮಾಧ್ಯಮದಲ್ಲಿತ್ತು ಎಂಬುದನ್ನು ವಿದೇಶಿ ಪದವಿಗಳನ್ನು ಪರಿಶೀಲಿಸುವ ಅಲ್ಲಿನ ಎಕ್ಟಿಸ್ ಸಂಸ್ಥೆಯಿಂದ ದೃಢಪಡಿಸಿಕೊಳ್ಳಬಹುದು. ಎರಡನೆಯ ದಾರಿಗೆ ವಿಶ್ವವಿದ್ಯಾಲಯದ ಬೋಧನಾ ಮಾಧ್ಯಮದ ಪತ್ರ ಬೇಕು. ಕೊಡಗು ವಿಶ್ವವಿದ್ಯಾಲಯ ಬರುವ ಮೊದಲು ಮಡಿಕೇರಿ, ವಿರಾಜಪೇಟೆಯ ಪದವಿ ಕಾಲೇಜುಗಳಲ್ಲಿ ಓದಿದವರು ಮಂಗಳೂರು ವಿಶ್ವವಿದ್ಯಾಲಯದವರು, ಆದ್ದರಿಂದ ಕೊಣಾಜೆಗೆ ಹೋಗಬೇಕು. ಪೊನ್ನಂಪೇಟೆಯ ಎಂಜಿನಿಯರಿಂಗ್ ಕಾಲೇಜಿನವರಿಗೆ ಬೆಳಗಾವಿಯ ವಿಟಿಯು. ಲಂಡನ್ನಿನಲ್ಲಿ ಕುಳಿತು, ತಮ್ಮನನ್ನು ಕೊಣಾಜೆಗೆ ಓಡಿಸುವ ಪಾಡು ಬೇಡ.

ಮೂರನೆಯದನ್ನು ಯಾರೂ ಹೇಳುವುದಿಲ್ಲ. ಆಸ್ಟ್ರೇಲಿಯಾದ ಉದ್ಯೋಗ ವೀಸಾಕ್ಕೆ ಅದೇ ವೃತ್ತಿಯಲ್ಲಿ, ಕಳೆದ ಐದು ವರ್ಷಗಳೊಳಗೆ, ಕನಿಷ್ಠ ಒಂದು ವರ್ಷದ ಪೂರ್ಣಾವಧಿ ಅನುಭವ ಬೇಕು. ಕೊಡಗಿನ ರೆಸಾರ್ಟಿನಲ್ಲಿ ದುಡಿದ ವರ್ಷವನ್ನೂ ಲೆಕ್ಕಕ್ಕೆ ಹಿಡಿಯಬಹುದು. ಆದರೆ ನಮ್ಮಲ್ಲಿ ಹೋಂಸ್ಟೇಯಿಂದ ಹಿಡಿದು ಗ್ಯಾರೇಜಿನವರೆಗೆ ಸಂಬಳವನ್ನು ಕೈಗೇ ಎಣಿಸಿ ಕೊಡುವ ಪದ್ಧತಿ. ದಾಖಲೆಯಿಲ್ಲದ ದುಡಿಮೆಯನ್ನು ಅಲ್ಲಿ ಯಾರೂ ನಂಬುವುದಿಲ್ಲ. ಹೊರಡುವ ಆಲೋಚನೆ ಬಂದ ದಿನದಿಂದಲೇ ಸಂಬಳ ಬ್ಯಾಂಕಿಗೆ ಬರುವಂತೆ ಮಾಡಿಕೊಳ್ಳಿ. ನೇಮಕಾತಿ ಪತ್ರ, ಸಂಬಳದ ಚೀಟಿ, ಪಿಎಫ್ ಇದ್ದರೆ ಅದರ ವಿವರ, ಏನೇನು ಕೆಲಸ ಮಾಡಿದಿರಿ ಎಂದು ಬರೆದ ಅನುಭವ ಪತ್ರ, ಇಷ್ಟನ್ನು ಒಂದು ಕಡತದಲ್ಲಿಡಿ.

ಹಣದ ಬಗ್ಗೆಯೂ ಒಂದು ಮಾತು. ಬ್ರಿಟನ್ನಿಗೆ ಹೊರಡುವವರು 2,530 ಪೌಂಡ್ ತೋರಿಸಬೇಕು, ಅದು ಖಾತೆಯಲ್ಲಿ ಸತತ 28 ದಿನ ಇರಬೇಕು. ಹತ್ತು ಎಕರೆ ಜಮ್ಮಾ ಬಾಣೆಯ ಪಹಣಿಗೆ ಅಲ್ಲಿ ಬೆಲೆಯಿಲ್ಲ. ಕಾಫಿ ಮಾರಿದ ದುಡ್ಡು ಅರ್ಜಿಗೆ ವಾರ ಮೊದಲು ಬಂದು ಬಿದ್ದರೂ ಆಗುವುದಿಲ್ಲ.

ಬ್ರಿಟನ್: ಮೊದಲ ಕೆಲಸವನ್ನೇ ಆರಿಸಿ ಹಿಡಿಯಿರಿ

ಯಾವ ಸಂಸ್ಥೆಗಳಿಗೆ ವಿದೇಶೀಯರನ್ನು ಪ್ರಾಯೋಜಿಸುವ ಪರವಾನಗಿ ಇದೆ ಎಂಬ ಪಟ್ಟಿಯನ್ನು ಬ್ರಿಟಿಷ್ ಸರ್ಕಾರ ತನ್ನ ತಾಣದಲ್ಲಿ ಉಚಿತವಾಗಿ ಹಾಕಿದೆ. ಸಂಸ್ಥೆಯ ಹೆಸರು, ಊರು, ಯಾವ ವರ್ಗದ ವೀಸಾಕ್ಕೆ ಪರವಾನಗಿ ಎಂಬುದೆಲ್ಲ ಅದರಲ್ಲಿದೆ. ಕೆಲಸ ಹುಡುಕುವಾಗ ಅದು ಕೈಯಲ್ಲಿರಲಿ. ಯಂಗ್ ಪ್ರೊಫೆಷನಲ್ಸ್ ವೀಸಾದವರಿಗೆ ಇಲ್ಲೊಂದು ಅನುಕೂಲವಿದೆ: ನಿಮ್ಮನ್ನು ನೇಮಿಸಿಕೊಳ್ಳಲು ಸಂಸ್ಥೆ ಈಗ ಯಾವ ಶುಲ್ಕವನ್ನೂ ಕಟ್ಟಬೇಕಿಲ್ಲ, ಯಾವ ಪ್ರಮಾಣಪತ್ರವನ್ನೂ ಕೊಡಬೇಕಿಲ್ಲ. ಒಂದು ವರ್ಷ ನಿಮ್ಮ ಕೆಲಸ ನೋಡಿ ಆಮೇಲೆ ತೀರ್ಮಾನಿಸಬಹುದು. ಸಂದರ್ಶನದಲ್ಲಿ ಇದನ್ನು ನೀವೇ ಹೇಳಿ. ಎಷ್ಟೋ ಸಣ್ಣ ಸಂಸ್ಥೆಗಳಿಗೆ ಈ ವಿಷಯವೇ ಗೊತ್ತಿರುವುದಿಲ್ಲ.

ಇನ್ನು ಹುದ್ದೆ ಮತ್ತು ಸಂಬಳ. ಈಗ ಹೊಸಬರಿಗೆ ಸಾಮಾನ್ಯವಾಗಿ ಪದವಿ ಮಟ್ಟದ ಹುದ್ದೆಯೇ ಬೇಕು: ಲೆಕ್ಕಪರಿಶೋಧಕ, ಸಾಫ್ಟ್‌ವೇರ್ ತಂತ್ರಜ್ಞ, ಸಿವಿಲ್ ಎಂಜಿನಿಯರ್, ನೋಂದಾಯಿತ ನರ್ಸ್ ಇಂಥವು. ಸಾಮಾನ್ಯ ಸಂಬಳ ಮಿತಿ 2025ರ ಜುಲೈಯಲ್ಲಿ ವರ್ಷಕ್ಕೆ 41,700 ಪೌಂಡ್ ಆಯಿತು. ಆ ಹುದ್ದೆಗೆ ನಿಗದಿಯಾದ ದರ ಅದಕ್ಕಿಂತ ಹೆಚ್ಚಿದ್ದರೆ ಆ ದರವೇ ಅನ್ವಯ. ನರ್ಸ್‌ಗಳಿಗೆ ಬೇರೆ ಲೆಕ್ಕವಿದೆ. ಅರ್ಜಿ ಹಾಕುವ ದಿನ ನಿಮಗೆ 26 ತುಂಬಿರದಿದ್ದರೆ ‘ಹೊಸ ಪ್ರವೇಶಿ’ ಎಂಬ ರಿಯಾಯಿತಿ ಸಿಗುತ್ತದೆ, ಮಿತಿ 33,400ಕ್ಕೆ ಇಳಿಯುತ್ತದೆ. ಎಂಟು ಸಾವಿರ ಪೌಂಡಿಗೂ ಹೆಚ್ಚಿನ ಅಂತರ. ಇಪ್ಪತ್ತೈದು ನಡೆಯುತ್ತಿರುವವರು ಹುಟ್ಟುಹಬ್ಬ ಕಳೆಯಲಿ ಎಂದು ಕಾಯುವುದರಲ್ಲಿ ಅರ್ಥವಿಲ್ಲ.

ಕ್ರಮ ಹೀಗೆ. ಹನ್ನೆರಡನೇ ತಿಂಗಳ ಹೊತ್ತಿಗೆ ಮೇಲಧಿಕಾರಿಯ ಬಳಿ ವಿಷಯ ತೆಗೆಯಿರಿ. ಸಂಸ್ಥೆಗೆ ಪರವಾನಗಿ ಇಲ್ಲದಿದ್ದರೆ ಅದಕ್ಕೆ ಅರ್ಜಿ ಹಾಕಿ ಪಡೆಯಲು ಸಾಮಾನ್ಯವಾಗಿ ಎಂಟು ವಾರ ಹಿಡಿಯುತ್ತದೆ, ದಾಖಲೆ ಹೊಂದಿಸುವ ಸಮಯ ಬೇರೆ. ಪರವಾನಗಿ ಇದ್ದರೆ ಅವರು ನಿಮ್ಮ ಹೆಸರಿಗೆ ಪ್ರಾಯೋಜನಾ ಪ್ರಮಾಣಪತ್ರ ಕೊಡುತ್ತಾರೆ. ಹೆಸರು ಪ್ರಮಾಣಪತ್ರವಾದರೂ ಅದು ಕಾಗದವಲ್ಲ, ಸರ್ಕಾರದ ವ್ಯವಸ್ಥೆಯೊಳಗಿನ ಒಂದು ದಾಖಲೆ ಮತ್ತು ಅದರ ಸಂಖ್ಯೆ. ಮುದ್ರೆ ಒತ್ತಿದ ಕಾಗದ ತೋರಿಸಿ ಲಕ್ಷಗಟ್ಟಲೆ ಕೇಳುವವನು ಮೋಸಗಾರ. ಸಂಖ್ಯೆ ಕೈಗೆ ಬಂದ ಮೂರು ತಿಂಗಳೊಳಗೆ, ಹಳೆಯ ವೀಸಾ ಮುಗಿಯುವ ಮೊದಲು, ಆನ್‌ಲೈನ್ ಅರ್ಜಿ ಹಾಕಬೇಕು. ಅಲ್ಲಿದ್ದುಕೊಂಡೇ ಬದಲಿಸುವುದಕ್ಕೆ ಅವಕಾಶವಿದೆ. ಪ್ರವಾಸಿ ವೀಸಾದವರಿಗೆ ಈ ಅವಕಾಶವಿಲ್ಲ.

ಆಸ್ಟ್ರೇಲಿಯಾ: ಆರು ತಿಂಗಳ ಬೇಲಿ

ಇಲ್ಲಿ ಒಬ್ಬ ಮಾಲೀಕನ ಬಳಿ ಆರು ತಿಂಗಳಿಗಿಂತ ಹೆಚ್ಚು ದುಡಿಯುವಂತಿಲ್ಲ ಎಂಬುದು ವೀಸಾದ ಷರತ್ತು. ಕೆಲವು ವಿನಾಯಿತಿಗಳಿವೆ, ಉಳಿದವರು ಗೃಹ ಇಲಾಖೆಯಿಂದ ಮುಂಚಿತವಾಗಿ ಅನುಮತಿ ಪಡೆಯಬೇಕು. ಹಾಗಾಗಿ ಬ್ರಿಟನ್ನಿನಂತೆ ವರ್ಷ ಕಾಯಲು ಬರುವುದಿಲ್ಲ. ಮಾಲೀಕನ ಕಡೆಯ ಕೆಲಸವೇ ಉದ್ದ: ಮೊದಲು ಅವನು ಮಾನ್ಯತೆ ಪಡೆದ ಸ್ಪಾನ್ಸರ್ ಆಗಬೇಕು. ಸ್ಥಳೀಯರು ಸಿಗಲಿಲ್ಲ ಎಂದು ತೋರಿಸಲು ಸಾಮಾನ್ಯವಾಗಿ ಕನಿಷ್ಠ ನಾಲ್ಕು ವಾರ ಜಾಹೀರಾತು ಕೊಟ್ಟಿರಬೇಕು. ಆಮೇಲೆ ಹುದ್ದೆಗೆ ನಿಮ್ಮನ್ನು ನಾಮನಿರ್ದೇಶನ ಮಾಡಬೇಕು. ನಿಮ್ಮ ಅರ್ಜಿ ಕೊನೆಗೆ. ಎರಡನೇ ತಿಂಗಳು ಮುಗಿಯುವಷ್ಟರಲ್ಲಿ ಮಾತು ಶುರುವಾಗದಿದ್ದರೆ ಲೆಕ್ಕ ತಪ್ಪುತ್ತದೆ.

ವೀಸಾದ ಹೆಸರು ಸ್ಕಿಲ್ಸ್ ಇನ್ ಡಿಮ್ಯಾಂಡ್, 482ನೇ ಉಪವರ್ಗ. 2024ರ ಡಿಸೆಂಬರ್ 7ರಿಂದ ಇದು ಹಳೆಯ ತಾತ್ಕಾಲಿಕ ಕೌಶಲ ವೀಸಾದ ಜಾಗಕ್ಕೆ ಬಂದಿದೆ. ನಮ್ಮ ಹೋಟೆಲ್ ಮ್ಯಾನೇಜ್‌ಮೆಂಟ್ ಹುಡುಗರಿಗೆ ಬ್ರಿಟನ್ನಿಗಿಂತ ಇದೇ ಮೇಲು ಎಂದು ನನ್ನ ಅಭಿಪ್ರಾಯ: ಬಾಣಸಿಗ, ಮೋಟಾರ್ ಮೆಕ್ಯಾನಿಕ್, ಬಡಗಿಯಂಥ ಹುದ್ದೆಗಳೂ ಪಟ್ಟಿಯಲ್ಲಿವೆ. ಸಂಬಳ ಮಿತಿ 2025ರ ಜುಲೈ 1ರಂದು ವರ್ಷಕ್ಕೆ 76,515 ಆಸ್ಟ್ರೇಲಿಯನ್ ಡಾಲರ್ ಆಯಿತು. ಕೆಲವು ಕೈಕಸುಬಿನ ಹುದ್ದೆಗಳಿಗೆ ಭಾರತೀಯರು ಪ್ರತ್ಯೇಕ ಕೌಶಲ ಪರೀಕ್ಷೆಯಲ್ಲೂ ಪಾಸಾಗಬೇಕು. ಅದಕ್ಕೆ ಮೇಲೆ ಹೇಳಿದ ಕಡತವೇ ಆಧಾರ.

ಡಾರ್ವಿನ್ ಸುತ್ತಲಿನ ಮಾವಿನ ತೋಪಿಗೆ ಹೋಗುವ ಆಸೆ ಹಲವರಿಗೆ. ಕಾಫಿ ಕೊಯ್ದ ಕೈಗೆ ಮಾವು ಯಾವ ಲೆಕ್ಕ! ನಿಗದಿತ ಪ್ರದೇಶದಲ್ಲಿ ಮೂರು ತಿಂಗಳು ಇಂಥ ಕೆಲಸ ಮಾಡಿದರೆ ಎರಡನೇ ವರ್ಷದ 462 ಸಿಗುತ್ತದೆ, ಆಮೇಲೆ ಆರು ತಿಂಗಳು ಮಾಡಿದರೆ ಮೂರನೆಯದು. ಒಳ್ಳೆಯದೇ. ಆದರೆ ಹಣ್ಣು ಕೀಳುವುದರಿಂದ ನಿಮಗೆ ಸಮಯ ಸಿಗುತ್ತದೆಯೇ ಹೊರತು ಬಾಣಸಿಗನ ಅನುಭವ ಸಿಗುವುದಿಲ್ಲ. ಮೊದಲ ವರ್ಷ ತೋಪಿನಲ್ಲಿ, ಎರಡನೆಯದು ನಿಮ್ಮ ವೃತ್ತಿಯಲ್ಲಿ ಎಂದು ಹಂಚಿಕೊಂಡರೆ ಸರಿ. ನಗದು ಕೊಟ್ಟು ಚೀಟಿ ಕೊಡದ ತೋಪಿನ ಮಾಲೀಕನ ಬಳಿ ಒಂದು ದಿನವೂ ನಿಲ್ಲಬೇಡಿ.

ವೀಸಾ ಮಂಜೂರಾತಿ ಪತ್ರದಲ್ಲಿ 8503 ಎಂಬ ಷರತ್ತು ಇದೆಯೇ ಎಂದು ಮೊದಲೇ ನೋಡಿಕೊಳ್ಳಿ. ಇದ್ದರೆ ಅಲ್ಲಿದ್ದುಕೊಂಡು ಬೇರೆ ವೀಸಾಕ್ಕೆ ಅರ್ಜಿ ಹಾಕುವ ದಾರಿ ಬಹುತೇಕ ಮುಚ್ಚಿದೆ ಎಂದರ್ಥ.

ಖರ್ಚು ಯಾರದು?

ಬ್ರಿಟನ್ನಿನಲ್ಲಿ ಮೂರು ವರ್ಷದ ವೀಸಾಕ್ಕೆ, ಅಲ್ಲಿಂದಲೇ ಅರ್ಜಿ ಹಾಕಿದರೆ, 2025ರ ದರದಲ್ಲಿ 885 ಪೌಂಡ್ ಶುಲ್ಕ. ಜತೆಗೆ ವರ್ಷಕ್ಕೆ 1,035 ಪೌಂಡ್ ಆರೋಗ್ಯ ಸರ್ಚಾರ್ಜ್. ಒಟ್ಟು 3,990. ನಾಲ್ಕು ಲಕ್ಷ ರೂಪಾಯಿ ದಾಟಿತು. ಇದನ್ನು ನೀವು ಕಟ್ಟಬೇಕು, ಉದಾರಿಯಾದ ಸಂಸ್ಥೆ ಕಟ್ಟಿಕೊಟ್ಟರೆ ಅದೃಷ್ಟ. ಆದರೆ ಸಂಸ್ಥೆಯ ಪಾಲಿನ ಕೌಶಲ ಶುಲ್ಕವನ್ನೂ ಪ್ರಾಯೋಜನಾ ಪ್ರಮಾಣಪತ್ರದ ಶುಲ್ಕವನ್ನೂ ನಿಮ್ಮಿಂದ ವಸೂಲು ಮಾಡುವಂತಿಲ್ಲ. ಆಸ್ಟ್ರೇಲಿಯಾದಲ್ಲಿಯೂ ಮಾಲೀಕ ಕಟ್ಟಬೇಕಾದ ತರಬೇತಿ ನಿಧಿ ಶುಲ್ಕವನ್ನು ಕೆಲಸಗಾರನ ಮೇಲೆ ಹಾಕುವುದು ಕಾನೂನುಬಾಹಿರ. ಸಲಹೆಗಾರರನ್ನು ಹಿಡಿಯುವುದಾದರೆ ಆಸ್ಟ್ರೇಲಿಯಾಕ್ಕೆ ನೋಂದಾಯಿತ ಮೈಗ್ರೇಷನ್ ಏಜೆಂಟರ ಪಟ್ಟಿಯಲ್ಲಿ, ಬ್ರಿಟನ್ನಿಗೆ ಇಮಿಗ್ರೇಷನ್ ಅಡ್ವೈಸ್ ಅಥಾರಿಟಿಯ ಪಟ್ಟಿಯಲ್ಲಿ ಹೆಸರು ಹುಡುಕಿ. ದರಗಳು ವರ್ಷಕ್ಕೊಮ್ಮೆಯಾದರೂ ಬದಲಾಗುತ್ತವೆ, ಅರ್ಜಿಯ ದಿನ ಸರ್ಕಾರದ ತಾಣವನ್ನೇ ನೋಡಿ.

ಅರ್ಜಿ ಹಾಕಿ ಪುತ್ತರಿಗೆ ಬರಬೇಡಿ

ಅವಧಿಯೊಳಗೆ ಅರ್ಜಿ ಹಾಕಿದ್ದರೆ, ತೀರ್ಮಾನ ಬರುವ ಮೊದಲು ಹಳೆಯ ವೀಸಾ ಮುಗಿದರೂ ಬ್ರಿಟನ್ನಿನಲ್ಲಿ ಹಳೆಯ ಷರತ್ತುಗಳ ಮೇಲೆಯೇ ಇದ್ದು ದುಡಿಯಬಹುದು. ತೀರ್ಮಾನಕ್ಕೆ ಸಾಮಾನ್ಯವಾಗಿ ಎಂಟು ವಾರ. ಈ ನಡುವೆ ದೇಶ ಬಿಟ್ಟರೆ ಅರ್ಜಿ ಹಿಂತೆಗೆದುಕೊಂಡಂತೆ. ಮನೆಯವರು ಸುಗ್ಗಿ ಹಬ್ಬವಾದ ಪುತ್ತರಿಗೆ ಕರೆಯುತ್ತಾರೆ, ಏಪ್ರಿಲ್ ಬಂದರೆ ಕೌಟುಂಬಿಕ ಹಾಕಿಗೆ ತಂಡದಲ್ಲಿ ಆಳು ಕಡಿಮೆ ಎನ್ನುತ್ತಾರೆ. ಟಿಕೆಟ್ ತೆಗೆಯಬೇಡಿ. ಆಸ್ಟ್ರೇಲಿಯಾದಲ್ಲಿ ಅರ್ಜಿ ಹಾಕಿದವರಿಗೆ ತೀರ್ಮಾನ ಬರುವವರೆಗೆ ಅಲ್ಲಿರಲು ಬ್ರಿಡ್ಜಿಂಗ್ ವೀಸಾ ಎ ಸಿಗುತ್ತದೆ, 462 ಮುಗಿದ ಮೇಲೆ ಅದು ಜಾರಿಗೆ ಬರುತ್ತದೆ. ಅದರ ಮೇಲೆ ಹೊರಗೆ ಹೋದರೆ ಮರಳಿ ಒಳಬರಲಾಗದು. ಹೋಗಲೇಬೇಕಿದ್ದರೆ ಮೊದಲು ಬ್ರಿಡ್ಜಿಂಗ್ ವೀಸಾ ಬಿ ಪಡೆಯಬೇಕು. ಬ್ರಿಡ್ಜಿಂಗ್ ವೀಸಾಕ್ಕೂ ಹಳೆಯ ಕೆಲಸದ ಷರತ್ತು ಅಂಟಿಕೊಂಡು ಬರಬಹುದು, ಪತ್ರ ಓದದೆ ಡ್ಯೂಟಿಗೆ ಹೋಗಬೇಡಿ.

ವೀಸಾ ಬಂದ ಮೇಲೆ ಕೆಲಸಕ್ಕೆ ನೀವು ಕಟ್ಟುಬಿದ್ದಂತೆ. ಮಾಲೀಕನನ್ನು ಬದಲಿಸಬೇಕಾದರೆ ಬ್ರಿಟನ್ನಿನಲ್ಲಿ ಹೊಸ ಪ್ರಾಯೋಜನಾ ಪ್ರಮಾಣಪತ್ರ, ಹೊಸ ಅರ್ಜಿ. ಕೆಲಸ ಹೋದರೆ ಸಾಮಾನ್ಯವಾಗಿ 60 ದಿನ ಗಡುವು. ಆಸ್ಟ್ರೇಲಿಯಾದಲ್ಲಿ ಒಂದು ಸಲಕ್ಕೆ 180 ದಿನ. ಯಂಗ್ ಪ್ರೊಫೆಷನಲ್ಸ್ ವೀಸಾದಲ್ಲಿ ಕಳೆದ ಎರಡು ವರ್ಷ ಸ್ಕಿಲ್ಡ್ ವರ್ಕರ್ ದಾರಿಯ ಕಾಯಂ ವಾಸದ ಲೆಕ್ಕಕ್ಕೆ ಸೇರುವುದಿಲ್ಲ ಎಂಬುದೂ ತಿಳಿದಿರಲಿ.

ಅಕ್ಕನ ಮಗ ವೀಸಾ ಮುಗಿಯುವ ಮೊದಲೇ ಮರಳಿ ಬಂದ. ಅವನಿಗೆ ಈಗ 28. ಈ ಸಲ ಆಸ್ಟ್ರೇಲಿಯಾದ ಲಾಟರಿಗೆ ಹೆಸರು ಹಾಕುತ್ತಾನಂತೆ. ಕೆಫೆಯ ಸಂಬಳದ ಚೀಟಿಗಳನ್ನೆಲ್ಲ ಜೋಡಿಸಿಟ್ಟಿದ್ದಾನೆ. ಪ್ಯಾನ್ ಕಾರ್ಡಿನಲ್ಲಿ ಮನೆಹೆಸರಿನ ಒಂದು ಅಕ್ಷರ ತಪ್ಪಿದೆ. ಅದನ್ನು ಸರಿಪಡಿಸಲು ಸೋಮವಾರ ಮಡಿಕೇರಿಗೆ ಹೋಗಲಿದ್ದಾನೆ.